ಕೊಡ ಅವನದು, ಹೆಸರು ನನ್ನದು

ಹೋದ ವಾರ ಕಮಲಾಪುರದ ನನ್ನ ಮನೆ ಮುಂದೆ ಒಂದು ಟಂಟಂ ಆಟೋ ಬಂದು ನಿಂತಿತು. ಅದರ ತುಂಬ ಪಾತ್ರೆ, ಹಾಸಿಗೆ, ಟಿವಿ, ಹೊಲಿಗೆ ಮಷೀನು. ಒಂದು ತಾಮ್ರದ ಕೊಡ ಎತ್ತಿ ನೋಡಿದೆ. ಮೇಲೆ ‘ಕಾಶಮ್ಮ’ ಎಂದು ಕೆತ್ತಿತ್ತು. ಅದು ನನ್ನ ಹೆಸರು. (ನಾಲ್ಕನೇ ಕ್ಲಾಸಿನವರೆಗೆ ಓದಿದ್ದೇನೆ, ಅಷ್ಟು ಓದಲು ಬರುತ್ತದೆ.) ಕೊಡ ಮಾತ್ರ ನನ್ನದಲ್ಲ.

ತಂದವನು ನನ್ನ ತಮ್ಮನ ಮಗ ಶರಣು. ಕಲಬುರಗಿಯ ಶಹಾಬಜಾರದಲ್ಲಿ ಟೇಲರ್. ಕೈ ಒಳ್ಳೆಯದು. ಆದರೆ ಸಾಲ ಮಾಡಿ ರೆಡಿಮೇಡ್ ಅಂಗಡಿ ಹಾಕಿದ. ಅಂಗಡಿ ಮುಳುಗಿತು. ಈಗ ಕೋರ್ಟಿಗೆ ದಿವಾಳಿ ಅರ್ಜಿ ಹಾಕುವವನಿದ್ದಾನೆ.

“ಎಲ್ಲಾ ಜಪ್ತಿ ಮಾಡ್ತಾರ ಅತ್ತಿ. ಭಾಂಡಿ ಮ್ಯಾಲ ನಿನ್ನ ಹೆಸರು ಹಾಕಿಸೀನಿ. ಯಾರರ ಕೇಳಿದ್ರ ನಂದೇ ಅನ್ನು.”

ನಮ್ಮಲ್ಲಿ ಪಾತ್ರೆಯ ಮೇಲೆ ಯಾರ ಹೆಸರಿದೆಯೋ ಪಾತ್ರೆ ಅವರದು. ಸೊಸೆಯಂದಿರು ಬೇರೆಯಾಗುವಾಗ ಜಗಳ ಬಿಡಿಸುವುದು ಆ ಅಕ್ಷರಗಳೇ. ಕೋರ್ಟೂ ಹಾಗೇ ನೋಡುತ್ತದೆ ಎಂದು ಇವನ ಲೆಕ್ಕ.

“ಹಾಸಿಗಿ ಮ್ಯಾಲೂ ಕೆತ್ತಿಸೀಯೇನೋ?” ಎಂದೆ.

ಮರುದಿನ ಅವನನ್ನೂ ಕೊಡವನ್ನೂ ಕರೆದುಕೊಂಡು ಕಲಬುರಗಿಯ ಸೇಡಂ ರಸ್ತೆಯ ವಕೀಲರ ಹತ್ತಿರ ಹೋದೆ. (ಬಸ್ಸಿನಲ್ಲಿ ನಾನು ಫ್ರೀ. ಕೊಡಕ್ಕೆ ಮಾತ್ರ ಲಗೇಜ್ ದುಡ್ಡು.) ವಕೀಲರು ಕೊಡ ತಿರುಗಿಸಿ ನೋಡಿದರು. ಕಪ್ಪಾದ ಹಳೇ ತಾಮ್ರ, ಮಿಂಚುವ ಹೊಸ ಅಕ್ಷರ.

“ಅಡಗಿ ಭಾಂಡಿ, ಹಾಸಿಗಿ, ಉಡೋ ಬಟ್ಟಿ ಕೋರ್ಟಿನವ್ರು ಮುಟ್ಟಂಗಿಲ್ಲೋ ತಮ್ಮಾ. ನೀ ಟೇಲರ್ ಇದ್ದಿ, ಮಷೀನು ನಿನ್ನ ದುಡಿಯೋ ಸಾಮಾನು. ಅದೂ ಉಳೀತದ.”

“ಟಿವಿ ರೀ?”

“ಹೋಗ್ತದ. ಹೋಗ್ಲಿ.”

ಶರಣು ಕೊಡ ಎತ್ತಿಕೊಂಡು ಎದ್ದ. ವಕೀಲರು ಅಷ್ಟಕ್ಕೇ ಬಿಡಲಿಲ್ಲ.

“ಆದ್ರ ಮುಚ್ಚಿಟ್ಟಿದ್ದಿ ಅಂತ ಸಾಲ ಕೊಟ್ಟಾವ್ರಿಗೆ ಗೊತ್ತಾದ್ರ ಮುಂದ ನೀ ಖರೇ ಹೇಳಿದ್ರೂ ಯಾರೂ ನಂಬಂಗಿಲ್ಲ. ಮಷೀನು ಕಮಲಾಪುರದಾಗ ಇಟ್ಟು, ಅದರ ಮ್ಯಾಲೇ ದುಡೀತೀನಿ ಅಂದ್ರ ನಾ ಹ್ಯಾಂಗ ವಾದ ಮಾಡ್ಲಿ? ಎಲ್ಲಾ ವಾಪಸ್ ಒಯ್ಯಿ. ಟಿವಿನೂ ಒಯ್ಯಿ. ಇದ್ದದ್ದು ಇದ್ದಂಗ ಹೇಳು.”

ಕಾಯದೆ ಬರೆದವರಿಗೆ ದಿವಾಳಿಯಾದವನೂ ಉಣ್ಣಬೇಕು, ಮಲಗಬೇಕು, ದುಡಿಯಬೇಕು ಎಂದು ಗೊತ್ತಿತ್ತು. ನಮಗೆ ಗೊತ್ತಿಲ್ಲ. ಜಪ್ತಿ ಎಂದ ಕೂಡಲೇ ಸೌಟಿನಿಂದ ಹಿಡಿದು ಎಲ್ಲವನ್ನೂ ನೆಂಟರ ಮನೆಗೆ ಸಾಗಿಸುತ್ತೇವೆ. ವಕೀಲರನ್ನು ಕೇಳಲು ನಾಚಿಕೆ. ಮುಚ್ಚಿಡಲು ಏಕಿಲ್ಲ?

ಅದೇ ಟಂಟಂ ಮತ್ತೆ ಬಂತು. ಮೊದಲು ಏರಿದ್ದು ಮಷೀನು. ಪಾತ್ರೆಗಳ ಮೇಲಿನ ಹೆಸರು ಅಳಿಸಿಕೊಡು ಎಂದರೆ ಕೆತ್ತಿದವನು, “ಅದು ನನ್ ಕೆಲಸ ಅಲ್ರೀ” ಎಂದನಂತೆ. ಶರಣುವಿನ ಹೆಂಡತಿ ಸುವರ್ಣಾ ಫೋನಿನಲ್ಲಿ, “ನನ್ನ ತವರಿನ ಕೊಡ ಅದ ಅತ್ತಿ, ಈಗ ನಿಮ್ಮ ಹೆಸರು ನೋಡ್ಕೋತ ನೀರು ತುಂಬ್ಲ್ಯಾ?” ಎಂದು ಬೈದಳು. ಬೈಯಲಿ. ಅವಳದು ನ್ಯಾಯವೇ.

ನನ್ನ ಚಿಂತೆ ಬೇರೆ. ನಾಳೆ ಕೋರ್ಟಿನವರು ಬಂದು ಈ ಕೊಡ ಯಾರದೆಂದು ಕೇಳುತ್ತಾರೆ. ನನ್ನ ಹೆಸರೇ ಇರುವ ಕೊಡವನ್ನು ನನ್ನದಲ್ಲ ಎಂದರೆ, ಯಾರು ನಂಬುತ್ತಾರೆ?