ಮಾವನ ಪಾಲಿನ ಸೇಬಿನ ರಸ

ಬೀದಿ ತಿರುವಿನ ಹಣ್ಣಿನ ರಸದ ಅಂಗಡಿ ನಡೆಸುತ್ತಿದ್ದುದು ಸೊಸೆ. ಗಲ್ಲಾದಲ್ಲಿ ಕೂರುತ್ತಿದ್ದುದು ಮಾವ. ಸೊಸೆಗೆ ತನ್ನ ಕೈಗುಣದ ಮೇಲೆ ಬೆಟ್ಟದಷ್ಟು ನಂಬಿಕೆ. ಸೇಬಿನ ಸಿಪ್ಪೆ ಹೆರೆದು, ರುಬ್ಬಿ, ತೆಳು ಬಟ್ಟೆಯಲ್ಲಿ ಸೋಸಿದರೆ ಲೋಟದ ತಳ ಕಾಣಬೇಕು. ಮಾವನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ಮೇಲೆ ಬೆಳಗಿನ ಮೊದಲ ಲೋಟ ಅವರಿಗೇ.

"ಹಣ್ಣು ಮೈಗೆ ಒಳ್ಳೇದು ಮಾವ. ಒಂದು ಚೂರೂ ಸಕ್ಕರೆ ಹಾಕಿಲ್ಲ, ಕುಡೀರಿ."

ಪರೀಕ್ಷೆ ಮಾಡಿಸಿದರೆ ಸಕ್ಕರೆ ಇಳಿಯುವ ಬದಲು ಏರಿತ್ತು. ಸೊಸೆಗೆ ಮೈಯೆಲ್ಲ ಉರಿಯಿತು. ಗಿರಾಕಿಗಳೆದುರೇ, "ಕದ್ದು ಸಿಹಿ ತಿಂತಿದ್ದೀರಲ್ವಾ? ಜೇಬು ತೋರಿಸಿ" ಎಂದಳು. ಮಾವ ಜೇಬು ಮಗುಚಿದರು. ಕನ್ನಡಕ ಒರೆಸುವ ಬಟ್ಟೆ, ಒಂದು ಗುಂಡಿ, ಅಷ್ಟೆ.

"ಹೊಟ್ಟೆಯ ಜೇಬೂ ನೋಡಮ್ಮ!" ಎಂದು ಪಕ್ಕದಂಗಡಿಯ ದರ್ಜಿ ನಕ್ಕ.

ಮರುದಿನದಿಂದ ಮಾವ ಅಂಗಡಿಗೆ ಬರಲಿಲ್ಲ. ಕದ್ದು ತಿಂದದ್ದಕ್ಕೆ ಪರಿಹಾರವಾಗಲೆಂದು ರಸದ ಲೋಟ ಇನ್ನೂ ದೊಡ್ಡದಾಗಿ ಮನೆಗೇ ಹೋಯಿತು.

ಮುಂದಿನ ಪರೀಕ್ಷೆಗೆ ಸೊಸೆಯೂ ಜೊತೆಗೆ ಹೋದಳು. ಸಕ್ಕರೆ ಮತ್ತೂ ಏರಿತ್ತು. ಊಟ ತಿಂಡಿಯನ್ನೆಲ್ಲ ವಿಚಾರಿಸುತ್ತಿದ್ದ ದಾದಿ, ದಿನಾ ನಾಲ್ಕು ಸೇಬಿನ ಸೋಸಿದ ರಸ ಎಂಬ ಮಾತು ಬಂದಾಗ ಪೆನ್ನು ಕೆಳಗಿಟ್ಟಳು.

"ಸೋಸಿ ಉಳಿದಿದ್ದು?"

"ಬಕೆಟ್‌ಗೆ."

"ಒಳ್ಳೇದೆಲ್ಲ ಬಕೆಟ್‌ಗೇ ಹೋಯ್ತಲ್ಲಮ್ಮ! ಸಿಪ್ಪೆಯ ಒಗರು, ತಿರುಳಿನ ನಾರು ಇದ್ರೆ ಸಿಹಿ ನಿಧಾನವಾಗಿ ರಕ್ತಕ್ಕೆ ಸೇರತ್ತೆ. ನಾಲ್ಕು ಹಣ್ಣಿನ ಸಿಹಿನೀರನ್ನ ಒಟ್ಟಿಗೆ ಕುಡಿಸಿದ್ರೆ ಏರದೆ ಇನ್ನೇನು? ಸಿಪ್ಪೆ ಸಮೇತ ಒಂದು ಸಣ್ಣ ಹಣ್ಣು ಸಾಕು. ಅದೂ ಔಷಧಿಯಲ್ಲ, ಮಾತ್ರೆ ಬಿಡಬೇಡಿ."

ಮಾವ ಗೋಡೆ ನೋಡುತ್ತಿದ್ದರು. ಸೊಸೆಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ದಾರಿಯಲ್ಲಿ 'ತಪ್ಪಾಯ್ತು' ಅನ್ನಲು ಹೊರಟು ತಡೆದುಕೊಂಡಳು. ಅಂದದ್ದು ನಾಲ್ಕು ಜನರೆದುರು, ಈಗ ಯಾರೂ ಇಲ್ಲದ ಕಡೆ ಹೇಳಿ ಕೈತೊಳೆದುಕೊಳ್ಳುವುದೇ?

"ಅಂಗಡಿಗೆ ಒಂದು ಗಳಿಗೆ ಬನ್ನಿ ಮಾವ."

"ಮತ್ತೆ ಜೇಬು ತೋರಿಸ್ಬೇಕಾ?" ಎಂದರು ಅವರು, ನಗದೆ. ಆದರೂ ಬಂದರು.

ಗಿರಾಕಿಗಳಿದ್ದರು, ದರ್ಜಿಯೂ ಇದ್ದ. "ಮಾವ ಏನೂ ಕದ್ದು ತಿಂದಿಲ್ಲ. ಸಕ್ಕರೆ ಏರಿಸಿದ್ದು ನನ್ನ ರಸ. ಅವರನ್ನ ಕಳ್ಳ ಮಾಡಿದ್ದು ನಾನು" ಎಂದಳು. ದರ್ಜಿ ಕಾಲ ಬೆರಳು ನೋಡಿಕೊಂಡ. ಅವಳು ಒಂದು ಸೇಬು ತೊಳೆದು, ಹೆರೆಯದೆ ಮಾವನ ಮುಂದಿಟ್ಟಳು.

"ಹಲ್ಲಿಲ್ಲದವನಿಗೆ ಇಡೀ ಹಣ್ಣಾ? ತೆಳ್ಳಗೆ ಹೆಚ್ಚಿ ಕೊಡಮ್ಮ" ಎನ್ನುತ್ತಾ ಮಾವ ಗಲ್ಲಾದ ಹತ್ತಿರ ಸ್ಟೂಲು ಎಳೆದುಕೊಂಡರು.

ಹೆಚ್ಚಿ ಕೊಟ್ಟಳು. ತಲೆ ಎತ್ತಿ ಅವರ ಮುಖ ನೋಡಲು ಮಾತ್ರ ಆಗಲಿಲ್ಲ.