ಈರುಳ್ಳಿಯೊಳಗಿನ ಊರು

ಮೊನ್ನೆ ಸಾರಿಗೆ ಈರುಳ್ಳಿ ಹೆಚ್ಚುತ್ತಿದ್ದೆ. ಪದರದ ಒಳಮೈಯ ತೆಳು ಪೊರೆ ಬಿಟ್ಟುಕೊಂಡು ಉಗುರಿಗೆ ಅಂಟಿತು. ಘಾಟು ಮೂಗಿಗೆ ಹತ್ತಿದ್ದೇ ತಡ, ದೊಡ್ಡವ್ವ ಎದುರಿಗೆ ಬಂದು ಕೂತ ಹಾಗಾಯಿತು...

ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳೇ. ಗುಂಡ್ಲುಪೇಟೆ ಹತ್ತಿರದ ನಮ್ಮ ಹೊಲದಲ್ಲಿ ಬೆಳೆಯುತ್ತಿದ್ದುದೇ ಈರುಳ್ಳಿ. ಗುಡ್ಡೆ ಮುಂದೆ ಕೂತು ಸೊಪ್ಪು ಕೊಯ್ಯುವಾಗ ಯಾರದಾದರೂ ಬೆರಳು ಕುಯ್ದುಹೋದರೆ, ದೊಡ್ಡವ್ವ ಒಂದು ಗೆಡ್ಡೆ ಸೀಳಿ, ಈ ಪೊರೆ ಎಳೆದು ಗಾಯಕ್ಕೆ ಅಂಟಿಸಿಬಿಡುತ್ತಿದ್ದಳು. ರಕ್ತ ನಿಲ್ಲುತ್ತಿತ್ತು, ಕೆಲಸ ಸಾಗುತ್ತಿತ್ತು.

ಐವತ್ತರ ದಶಕದ ಮಾತು. ಹಟ ಹಿಡಿದು ಮೈಸೂರಿನ ಕಾಲೇಜು ಸೇರಿದ್ದೆ. ಮೂರು ತಿಂಗಳೂ ಆಗಿರಲಿಲ್ಲ. ಒಂದು ಶನಿವಾರ ಸಸ್ಯಶಾಸ್ತ್ರದ ಪ್ರಾಕ್ಟಿಕಲ್ಸ್ ನಡೆಯುತ್ತಿದ್ದಾಗ ಬಾಗಿಲಲ್ಲಿ ದೊಡ್ಡವ್ವ, ಕಂಕುಳಲ್ಲಿ ಗಂಟು! ಕುಣಿದುಕೊಂಡು ಓಡಿದೆ.

"ನಾಳೆ ಸಂದೆ ಬಸ್ಗೆ ಊರ್ಗೋಗನ ಕಣಮ್ಮಿ," ಎಂದಳು. "ನಿಮ್ ದೊಡ್ಡಪ್ಪಾರು ಸಂತೆಮರಳ್ಳಿ ಕಡೆ ಗಂಡು ನೋಡವ್ರೆ. ಓದಿದ್ದು ಸಾಕು, ಕರ್ಕಂಡೇ ಬಾ ಅಂದವ್ರೆ."

ದೊಡ್ಡಪ್ಪ ಆಡಿದ ಮಾತಿಗೆ ನಮ್ಮ ಮನೆಯಲ್ಲಿ ಎದುರು ಮಾತಿರಲಿಲ್ಲ. ಅಳು ನುಂಗಿಕೊಂಡು ಮೇಜಿಗೆ ಮರಳಿದೆ. ಅವತ್ತಿನ ಕೆಲಸವೋ, ಈರುಳ್ಳಿಯ ಪೊರೆ ತೆಗೆದು ಗಾಜಿನ ಮೇಲೆ ಹರವುವುದು! ಈರುಳ್ಳಿ ಗುಡ್ಡೆಯ ಪಕ್ಕದಲ್ಲೇ ಬೆಳೆದ ನನ್ನ ಕೈಯಲ್ಲಿ ಮೂರು ಸಲವೂ ಹರಿಯಿತು. ಮೇಷ್ಟ್ರು ನಕ್ಕರು. ಬಾಗಿಲಲ್ಲಿದ್ದ ದೊಡ್ಡವ್ವನಿಗೆ ತಡೆಯಲಾಗಲಿಲ್ಲ.

"ಅಂಗಲ್ಲ ಕಣಮ್ಮಿ, ತತ್ತಾ ಇಲ್ಲಿ," ಎಂದು ಒಳಗೇ ನುಗ್ಗಿದಳು. ಉಗುರಲ್ಲಿ ಮೀಟಿ ಒಂದೇ ಎಳೆತ. ಪೊರೆ ಎಲ್ಲೂ ಹರಿಯದೆ ಬಂತು. ಮೇಷ್ಟ್ರು ಬೆರಗಾಗಿ ಅದನ್ನು ಗಾಜಿನ ಮೇಲಿಟ್ಟು, ಬಣ್ಣ ಹಾಕಿ, ಮೈಕ್ರೋಸ್ಕೋಪು ಸರಿಮಾಡಿ, "ಬನ್ನಿ ತಾಯಿ, ಮೊದಲು ನೀವೇ ನೋಡಿ," ಎಂದರು. ಆ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ!

ಒಂದು ಕಣ್ಣು ಮುಚ್ಚಿ ಬಗ್ಗಿದವಳು ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ.

"ಅಯ್ಯೋ ಸಿವನೇ! ಮನೆ ಪಕ್ಕ ಮನೆ, ಮನೆ ಪಕ್ಕ ಮನೆ... ಒಂದ್ ಊರೇ ಅದಲ್ಲಾ ಇದ್ರೊಳಗೆ! ಉಟ್ಟಿದಾಗಿಂದ ಈರುಳ್ಳಿ ಮುಂದೇ ಕುಂತಿದ್ದೀನಿ, ಒಬ್ರಾದ್ರೂ ಯೇಳ್ಲಿಲ್ವಲ್ಲ ನಂಗೆ!"

ಆ ಕೊನೆಯ ಮಾತಿನಲ್ಲಿ ಸಿಟ್ಟಿತ್ತು. ಯಾರ ಮೇಲೆ ಎಂದು ಆಗ ನನಗೆ ತಿಳಿಯಲಿಲ್ಲ.

ರಾತ್ರಿ ಅವಳು ನೆಂಟರ ಮನೆಯಲ್ಲಿ ಉಳಿದಳು. ಭಾನುವಾರ ಸಂಜೆ ನಾನು ಹಾಸ್ಟೆಲಿನಿಂದ ಟ್ರಂಕು ಹೊತ್ತು, ಮುಖ ಊದಿಸಿಕೊಂಡು ಬಸ್ ನಿಲ್ದಾಣಕ್ಕೆ ಹೋದೆ. ದೊಡ್ಡವ್ವ ಆಗಲೇ ಬಸ್ಸಿನಲ್ಲಿ ಕೂತಿದ್ದಳು.

"ಟ್ರಂಕ್ ಯಾಕಮ್ಮಿ ತಂದೆ? ಓಗು ವಾಪಸ್ಸು. ಆ ಗಾಜ್ನಲ್ಲಿ ಇನ್ನೇನೇನ್ ಕಾಣ್ತದೋ ಎಲ್ಲಾನೂ ನೋಡ್ಕಂಡ್ ಬಂದು ನಂಗೇಳು. ನಿಮ್ ದೊಡ್ಡಪ್ಪಾರ್ನ ನಾನ್ ನೋಡ್ಕತ್ತೀನಿ ಬುಡು."

ಬಸ್ಸು ಹೊರಟಿತು. ನಾನು ಟ್ರಂಕಿನ ಮೇಲೆ ಕೂತು ಅತ್ತೆ, ನಕ್ಕೆ, ಎರಡನ್ನೂ ಒಟ್ಟಿಗೇ ಮಾಡಿದೆ.

ಮನೆಯಲ್ಲಿ ನಡೆದದ್ದನ್ನು ಆಮೇಲೆ ಬೀದಿಯವರೆಲ್ಲ ನಕ್ಕೂ ನಕ್ಕೂ ಹೇಳಿದರು. "ಕೂಸೆಲ್ಲಿ?" ಎಂದು ದೊಡ್ಡಪ್ಪ ಗುಡುಗಿದನಂತೆ. ದೊಡ್ಡವ್ವ ಅವನ ಮುಂದೆ ಒಂದು ಈರುಳ್ಳಿ ಇಟ್ಟು, "ಇದ್ರೊಳಗೇನದೆ ಯೇಳಿ ನೋಡನ?" ಎಂದಳಂತೆ.

"ಈರುಳ್ಳಿಯೊಳಗೆ ಇನ್ನೇನಿದ್ದದು, ಈರುಳ್ಳಿ!"

"ನಿಮಗ್ಗೊತ್ತಿಲ್ಲ. ನನ್ ಕೂಸಿಗ್ಗೊತ್ತು. ಗಂಡಿನ್ ಮಾತು ಬುಡಿ ಇನ್ನ."

ಅವತ್ತು ಬಿಟ್ಟ ಮಾತನ್ನು ದೊಡ್ಡಪ್ಪ ನಾನು ಬಿ.ಎಸ್ಸಿ. ಮುಗಿಸುವವರೆಗೂ ಎತ್ತಲಿಲ್ಲ. ಆಮೇಲೆ ನಾನು ಸಸ್ಯಶಾಸ್ತ್ರದ ಮೇಡಂ ಆದೆ. ಪ್ರತಿ ವರ್ಷವೂ ಮಕ್ಕಳಿಗೆ ಮೊದಲು ತೋರಿಸುತ್ತಿದ್ದುದು ಈರುಳ್ಳಿಯನ್ನೇ. ಮಕ್ಕಳು ಸಲೀಸಾಗಿ ಪೊರೆ ಎಳೆಯುತ್ತಿದ್ದರು, ನನ್ನ ಕೈಯಲ್ಲಿ ಮಾತ್ರ ಎಲ್ಲೋ ಒಂದು ಕಡೆ ಹರಿದೇ ಹರಿಯುತ್ತಿತ್ತು. ರಜೆಗೆ ಊರಿಗೆ ಹೋದಾಗ ದೊಡ್ಡವ್ವ, "ಇನ್ನೂ ಕಲೀನಿಲ್ವಾ ಮೇಡಮ್ಮಾರು?" ಎಂದು ಛೇಡಿಸುತ್ತಿದ್ದಳು...

ಮೊನ್ನೆ ಉಗುರಿಗೆ ಅಂಟಿದ ಪೊರೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಎಲ್ಲೂ ಹರಿದಿರಲಿಲ್ಲ. "ನೋಡು ದೊಡ್ಡವ್ವ!" ಎಂದು ಬಾಯಿಗೆ ಬಂದೇಬಿಟ್ಟಿತ್ತು.