ಎದುರು ಮನೆಗೆ ಒಂದು ಸಂದೇಶ

ಲಾಂಬ್ರೊಸ್ ನಲವತ್ತು ವರ್ಷ ನಮ್ಮೂರಿನ ಕೊಳಾಯಿ ರಿಪೇರಿ ಮಾಡಿದವನು. ಗ್ರೀಸಿನ ಎಪಿರಸ್ ಸೀಮೆಯ ಈ ಬೆಟ್ಟಕ್ಕೆ ಮೊಬೈಲ್ ಸಿಗ್ನಲ್ ಬರುವ ಆಸೆ ಬಿಟ್ಟ ಮೇಲೆ, ಮನೆಮನೆಯಲ್ಲೂ ಪುಟ್ಟ ರೇಡಿಯೊ ಡಬ್ಬಿ ಕೂರಿಸಿದವನೂ ಅವನೇ. ಟವರ್ ಬೇಡ, ತಂತಿ ಬೇಡ. ಫೋನಿನಲ್ಲಿ ಬರೆದದ್ದನ್ನು ಒಂದು ಮನೆಯ ಡಬ್ಬಿ ಗಾಳಿಗೆ ಎಸೆಯುತ್ತದೆ, ಪಕ್ಕದ ಮನೆಯದು ಹಿಡಿದು ಮುಂದಕ್ಕೆ ದಾಟಿಸುತ್ತದೆ. ಒಂದು ಮಾತಾಡುವಾಗ ಉಳಿದವು ಬಾಯಿ ಮುಚ್ಚಿಕೊಂಡಿರುತ್ತವೆ. ಈ ಗುಣ ಡಬ್ಬಿಗಳಿಗಿದೆ, ನಮ್ಮ ಜನಕ್ಕಿಲ್ಲ.

ಅವನು ಕಾಲಿಡದ ಮನೆ ಒಂದೇ, ಅವನ ಮನೆಯ ಎದುರಿನದು. ಅಲ್ಲಿರುವವಳು ಅವನ ತಂಗಿ ದೆಸ್ಪಿನಾ. ಹದಿನಾಲ್ಕು ವರ್ಷದ ಹಿಂದೆ ಅವಳ ಹೆಸರಿನ ಹಬ್ಬದ ದಿನ, ಎಂದರೆ ಅವಳು ಯಾವ ಸಂತರ ಹೆಸರು ಹೊತ್ತಿದ್ದಾಳೋ ಅವರ ದಿನ, ನೆಂಟರ ಮುಂದೆ, ಸೊಪ್ಪು ತುಂಬಿ ಬೇಯಿಸಿದ ಪೀತಾ ಕಡುಬಿಗೆ ಉಪ್ಪು ಜಾಸ್ತಿಯಾಗಿದೆ ಅಂದುಬಿಟ್ಟಿದ್ದ. ಮಾತು ಅಲ್ಲಿಗೇ ನಿಂತಿತು. ಹೆಸರಿನ ಹಬ್ಬಕ್ಕೆ ನಾವು ಯಾರನ್ನೂ ಕರೆಯುವುದಿಲ್ಲ. ಬಾಗಿಲು ತೆರೆದಿದ್ದರೆ ಬೇಡವಾದವನೂ ಬಂದು ಕೂತು ತಿನ್ನಬಹುದು. ಅಣ್ಣ ಎಲ್ಲಿ ಬಂದುಬಿಡುತ್ತಾನೋ ಎಂದು ದೆಸ್ಪಿನಾ ಅಂದಿನಿಂದ ಪ್ರತಿ ವರ್ಷ 'ಈ ಸಲ ಹಬ್ಬವಿಲ್ಲ' ಎಂದು ಬೋರ್ಡು ನೇತುಹಾಕಿ ಒಬ್ಬಳೇ ಊಟ ಮಾಡುತ್ತಾಳೆ. ಇಬ್ಬರಿಗೂ ತಲೆ ನೆಟ್ಟಗಿಲ್ಲ. ಅವಳ ಡಬ್ಬಿಯನ್ನು ಕೂರಿಸಿದವಳು ಕಾಫಿ ಅಂಗಡಿಯ ನಾನು.

ಈ ವರ್ಷ ಲಾಂಬ್ರೊಸ್ ಮೂರು ವಾರ ತಿದ್ದಿ ತಿದ್ದಿ ಒಂದು ಸಂದೇಶ ಬರೆದ. 'ಪೀತಾ ಚೆನ್ನಾಗಿತ್ತು. ನೂರ್ಕಾಲ ಬಾಳು.' ಆಗಸ್ಟ್ ಹದಿನೈದು, ಮಾತೆ ಮರಿಯಳ ಹಬ್ಬದ ಬೆಳಿಗ್ಗೆ ಕಳಿಸಿದ.

ಅಂದೇ ಆ ಮಾತೆಯ ಒಂದೊಂದು ಹೆಸರು ಹೊತ್ತ ನಮ್ಮೂರಿನ ಮಾರಿಯಾ, ಪನಯೋತಿಸ್, ದೆಸ್ಪಿನಾಗಳೆಲ್ಲರ ಹೆಸರಿನ ಹಬ್ಬ, ಎಂದರೆ ಅರ್ಧ ಊರಿನದು. ಎಲ್ಲರೂ ಎಲ್ಲರಿಗೂ ಹಾರೈಸಿದರು. ಹಾರೈಸಿದವರಿಗೆ ವಂದನೆ, ವಂದನೆಗೆ 'ನಿನಗೂ', ಅದಕ್ಕೆ ಮತ್ತೆ ವಂದನೆ. ಉತ್ತರ ಕೊಡದಿದ್ದರೆ ಅವಮಾನ. ಹತ್ತು ಗಂಟೆಗೆ ಡಬ್ಬಿಗಳೆಲ್ಲ ಕಟ್ಟಿಕೊಂಡವು.

"ಇನ್ನೂ ಹೋಗಿಲ್ಲ ಕ್ಸಾಂಥೂಲಾ," ಎಂದು ಲಾಂಬ್ರೊಸ್ ಫೋನು ಹಿಡಿದು ನನ್ನ ಅಂಗಡಿಗೆ ಬಂದ. ಅಲ್ಲೇ ಕೂತು 'ದಯವಿಟ್ಟು ಯಾರೂ ಸಂದೇಶ ಕಳಿಸಬೇಡಿ' ಎಂದು ಇಡೀ ಊರಿಗೆ ಸಂದೇಶ ಕಳಿಸಿದ. ನಲವತ್ತು ಮನೆಯವರೂ 'ಆಗಲಿ, ನಿನಗೂ ಶುಭಾಶಯ' ಎಂದು ಉತ್ತರಿಸಿದರು.

"ಎದುರು ಮನೆ ಕಣೋ. ಬಾಯಿಬಿಟ್ಟು ಹೇಳೋಕಾಗಲ್ವಾ?" ಎಂದೆ.

"ಮಾತು ಬಿಟ್ಟಿದೀವಲ್ಲ, ಹೆಂಗೆ ಹೇಳ್ಲಿ?"

ಸಿಟ್ಟು ಬಂದು, ಎದ್ದು ಹೊರಟವನ ಹಿಂದೆಯೇ ಅವನ ಮನೆಗೆ ಹೋದೆ. ಬಾಲ್ಕನಿಯಲ್ಲಿ ನಿಂತು ಎದುರು ಬಾಲ್ಕನಿಯಲ್ಲಿದ್ದ ಅವಳ ಡಬ್ಬಿಯನ್ನೇ ನೋಡುತ್ತಿದ್ದ. ಕಟ್ಟಿಕೊಂಡದ್ದನ್ನು ಕಂಡು ಸುಮ್ಮನಿರುವ ಜಾತಿಯವನಲ್ಲ.

"ದೆಸ್ಪಿನಾ, ಡಬ್ಬಿ ಆನ್ ಇದೆಯಾ?" ಎಂದು ಕೂಗಿದ.

ಅಲ್ಲಿ ಬಟ್ಟೆ ಹರವುತ್ತಿದ್ದವಳು ತಿರುಗಿದಳು. "ಇದೆ. ಯಾಕೆ?"

"ಒಂದು ಮೆಸೇಜ್ ಕಳಿಸಿದೀನಿ."

"ಬಂದಿಲ್ಲ."

"ಬರತ್ತೆ, ಇರು."

ಅವಳು ಒಳಗಿಂದ ಕುರ್ಚಿ ತಂದು ಕೂತಳು. ಇವನೂ ಕೂತ. ಮಧ್ಯಾಹ್ನದವರೆಗೂ "ಬಂತಾ?" "ಇಲ್ಲ" ನಡೆಯಿತು. ನಗಬೇಕೋ ಅಳಬೇಕೋ ತಿಳಿಯದೆ ನಾನು ಅಳುತ್ತಲೇ ನಕ್ಕೆ.

"ಪೀತಾ ವಿಷಯಾನಾ?" ಎಂದಳು ಕೊನೆಗೆ.

"ಹೂಂ."

"ಅವತ್ತು ಉಪ್ಪು ನಿಜವಾಗ್ಲೂ ಜಾಸ್ತಿಯಾಗಿತ್ತು ಕಣಣ್ಣ."

"ಈಗ ಹೇಳ್ತೀಯಲ್ಲೇ. ಚೆನ್ನಾಗಿತ್ತು ಅಂತ ಬರೆದುಬಿಟ್ಟಿದೀನಿ."

"ಹಾಗಿದ್ರೆ ಅದು ಬರ್ಲಿ," ಎಂದು ಕುರ್ಚಿಯನ್ನು ಕಂಬಿಗೆ ಇನ್ನೂ ಹತ್ತಿರ ಎಳೆದುಕೊಂಡಳು. "ಕಾಯ್ತೀನಿ."